ಟಾಕೋ ಅಂಗಡಿಯಲ್ಲಿ ಸುಣ್ಣದ ವಾಸನೆ

ವಿಜಯಪುರದ ಕಡೆಯ ಆ ಅಜ್ಜಿ ಮಗನ ಮನೆಗೆ ಬಂದು ಹದಿನೆಂಟು ದಿನಗಳಾಗಿದ್ದವು. ಈ ಹದಿನೆಂಟು ದಿನಗಳಲ್ಲಿ ಹೊಟ್ಟೆ ತುಂಬ ಉಂಡದ್ದು ಒಂದು ದಿನವೂ ಇಲ್ಲ. ಹಾಗೆಂದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ನಮ್ಮ ಸಾಮಾನು ಸಿಗುವುದಿಲ್ಲ ಎಂದಲ್ಲ. ಭಾರತೀಯರ ಅಂಗಡಿಗಳಿಗೆ ಅಲ್ಲಿ ಬರವಿಲ್ಲ. ತೊಗರಿಬೇಳೆ, ಹುಣಸೆಹಣ್ಣು, ವೀಳ್ಯದೆಲೆ, ಕೊನೆಗೆ ಜೋಳದ ಹಿಟ್ಟಿನ ಪೊಟ್ಟಣವೂ ಸಿಗುತ್ತದೆ. ಸೊಸೆ ಎರಡು ಪೊಟ್ಟಣ ತಂದಿಟ್ಟಿದ್ದಳು. ಅಜ್ಜಿ ಎಸರಿಟ್ಟು, ಹಿಟ್ಟು ನಾದಿ, ಬಡಿಯಲು ಕುಳಿತರೆ ರೊಟ್ಟಿ ಅಂಗೈ ಅಗಲ ಆಗುವುದರೊಳಗೆ ಅಂಚು ಬಿರಿಯುತ್ತಿತ್ತು. “ಹಿಟ್ಟು ಹಳೇದು. ಜಿಗಿ ಹೋಗೇತಿ” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಅವರು ಎದ್ದರು. ಅನ್ನ ಸಾರು ಮಾತ್ರ ಉಂಡು ಬದುಕಿದವರಲ್ಲ ಅವರು. ಅನ್ನ ಉಂಡರೆ ಊಟ ಮಾಡಿದಂತೆಯೇ ಅನಿಸುವುದಿಲ್ಲ ಅವರಿಗೆ. ಸೊಸೆಗೆ ಚಿಂತೆ, ಮಗನಿಗೆ ಸಂಕಟ.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಗೋಧಿಯಲ್ಲಿ ಗ್ಲುಟೆನ್ ಎಂಬ ಸಸಾರಜನಕದ ಅಂಟು ಇದೆ. ಅದರ ಬಲದಿಂದ ಚಪಾತಿ ಎಳೆದಂತೆ ಬರುತ್ತದೆ. ಜೋಳದಲ್ಲಿ ಅದು ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಅಷ್ಟೆ. ಆ ಅಂಟಿಗೂ ಹಿಟ್ಟು ಹೊಸದಾಗಿರಬೇಕು. ಗಿರಣಿಯಿಂದ ಬಂದು ಕೆಲವು ದಿನ ಕಳೆದ ಹಿಟ್ಟಿನಿಂದಲೇ ರೊಟ್ಟಿ ಕಷ್ಟ. ಇನ್ನು ಹಡಗು ಹತ್ತಿ ಸಾಗರ ದಾಟಿ ಬಂದ ಹಿಟ್ಟಿನ ಪಾಡೇನು!

ಒಂದು ಶನಿವಾರ ಕಾರಿನ ಟೈರು ಬದಲಿಸಬೇಕಾಗಿ ಬಂತು. ಮಗ, ತಾಯಿಯನ್ನೂ ಎಂಟನೆಯ ತರಗತಿಯಲ್ಲಿ ಓದುವ ಮಗಳನ್ನೂ ಕೂಡಿಸಿಕೊಂಡು ಊರಿನ ಪೂರ್ವ ಭಾಗಕ್ಕೆ ಹೊರಟ. ಅದು ಬಹುಮಟ್ಟಿಗೆ ಮೆಕ್ಸಿಕೋ ಮೂಲದವರ ಬಡಾವಣೆ. ಹೊಲಗೆಲಸದ ಕೂಲಿಗಳನ್ನು ಸಂಘಟಿಸಿದ ಸೀಸರ್ ಚಾವೆಜ್ ಒಂದು ಕಾಲಕ್ಕೆ ವಾಸವಾಗಿದ್ದದ್ದು ಈ ಪೂರ್ವ ಭಾಗದಲ್ಲೇ. ಟೈರಿನ ಅಂಗಡಿಗೂ ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಗೂ ನಡುವೆ ಒಂದು ಚಿಕ್ಕ ತಿಂಡಿ ಅಂಗಡಿ ಇತ್ತು. “ಅವ್ವಾ, ಗಾಡಿ ಆಗೂತನಕ ಇಲ್ಲೇ ಕೂಡೂಣು” ಎಂದು ಮಗ ಬಾಗಿಲು ನೂಕಿದ.

ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯನ್ನು ನೆನೆಸಿಕೊಳ್ಳಿ. ಅಷ್ಟೇ ಅಗಲ, ಅಷ್ಟೇ ಗದ್ದಲ. ಆರು ಮೇಜು. ಗೋಡೆಯ ಮೇಲೆ ಗ್ವಾದಲೂಪೆ ಮಾತೆಯ ಪಟ, ಅದರ ಕೆಳಗೆ ಸಣ್ಣ ದೀಪ, ಪಕ್ಕದಲ್ಲಿ ಫುಟ್‌ಬಾಲ್ ಆಟ ತೋರಿಸುತ್ತಿದ್ದ ಟೀವಿ. ಕೈಯಲ್ಲೇ ಬರೆದ ಬೆಲೆಪಟ್ಟಿ. ಅದರಲ್ಲಿ ಎರಡೇ ಎರಡು ದೊಡ್ಡ ಅಕ್ಷರದ ಸಾಲು: ಒಂದು ಟೋರ್ಟಾ, ಇನ್ನೊಂದು ಟಾಕೋ.

ಟೋರ್ಟಾ ಎಂದರೆ ಅವರ ಸ್ಯಾಂಡ್‌ವಿಚ್. ಮೃದುವಾದ ಗೋಧಿ ಬನ್ನನ್ನು ಅಡ್ಡ ಸೀಳಿ, ಒಂದು ಹೋಳಿಗೆ ಬೇಯಿಸಿ ಅರೆದ ಹುರುಳಿಕಾಯಿ ಬೀಜ ಸವರಿ, ಇನ್ನೊಂದಕ್ಕೆ ಬೆಣ್ಣೆಹಣ್ಣು ಸವರಿ, ನಡುವೆ ಗಿಣ್ಣು, ಟೊಮೇಟೊ, ಉಳ್ಳಾಗಡ್ಡಿ, ಹುಳಿಯಲ್ಲಿ ನೆನೆಸಿದ ಮೆಣಸಿನಕಾಯಿ ಇಟ್ಟು, ಕಾವಲಿಯ ಮೇಲೆ ಒತ್ತಿ ಕೊಡುತ್ತಾರೆ. ಮಾಂಸ ತಿನ್ನುವವರಿಗೆ ಮಾಂಸ. ಟಾಕೋ ಎಂದರೆ ಮೆಕ್ಕೆಜೋಳದ ಪುಟ್ಟ ರೊಟ್ಟಿ. ಅದರ ಮೇಲೆ ಪಲ್ಯವನ್ನೋ ಮಾಂಸವನ್ನೋ ಇಟ್ಟು, ಮಡಚಿ, ನಿಂತಲ್ಲೇ ತಿನ್ನುವುದು. ಈ ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಒಂದೇ ಅಡುಗೆಕಟ್ಟೆಯಿಂದ ಬರುವ ಈ ಎರಡು ತಿಂಡಿಗಳ ನಡುವೆ ಐದುನೂರು ವರ್ಷಗಳ ಚರಿತ್ರೆ ಕುಳಿತಿದೆ. ಗೋಧಿ 1521ರಲ್ಲಿ ಮೆಕ್ಸಿಕೋವನ್ನು ಗೆದ್ದ ಸ್ಪೇನಿನವರು ತಂದದ್ದು. ಮೆಕ್ಕೆಜೋಳ ಆ ನೆಲದ್ದೇ ಮಗು. ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ, ಸುಮಾರು 9000 ವರ್ಷಗಳ ಹಿಂದೆ ಅಲ್ಲಿಯ ರೈತರು ಅದನ್ನು ಬೆಳೆಯಾಗಿ ಮಾಡಿದರು.

ಅಜ್ಜಿಗೆ ಈ ಚರಿತ್ರೆ ಬೇಕಿರಲಿಲ್ಲ. ಕಟ್ಟೆಯ ಆಚೆ ನೆಟ್ಟಗೆ ನಿಲ್ಲಿಸಿದ ಕಂಬಿಯಲ್ಲಿ ಬುಗುರಿಯಂತೆ ತಿರುಗುತ್ತಿದ್ದ ಮಾಂಸದ ರಾಶಿ ಕಂಡದ್ದೇ ಅವರು ಅದಕ್ಕೆ ಬೆನ್ನು ಹಾಕಿ ಕುಳಿತರು. (ಅದರ ಹೆಸರೂ ಸ್ಪ್ಯಾನಿಷ್ ಭಾಷೆಯಲ್ಲಿ ಬುಗುರಿ ಎಂದೇ: ತ್ರೋಂಪೊ. ಲೆಬನಾನಿನಿಂದ ವಲಸೆ ಬಂದವರು ಮೆಕ್ಸಿಕೋಕ್ಕೆ ಕಲಿಸಿದ ವಿದ್ಯೆ ಅದು.) ಮಗ ಕಟ್ಟೆಯ ಬಳಿ ಹೋಗಿ ಮಾಮೂಲಿನ ವಿಚಾರಣೆ ಶುರುಮಾಡಿದ. ಸಸ್ಯಾಹಾರಿಗಳು ಇಂಥ ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಅರೆದ ಕಾಳಿನ ಪಲ್ಯವನ್ನು ಬಹಳ ಕಡೆ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. ಕಣ್ಣಿಗೆ ಬರೀ ಕಾಳು ಕಾಣುವುದರಿಂದ ಕೇಳದೆ ತಿಂದವರು ಅನೇಕರು. ಇಲ್ಲಿ ಎರಡು ಪಾತ್ರೆ ಇದ್ದವು. ಒಂದು ಹುರಿದದ್ದು, ಇನ್ನೊಂದು ನೀರು, ಉಳ್ಳಾಗಡ್ಡಿ, ಉಪ್ಪು ಮಾತ್ರ ಹಾಕಿ ಬೇಯಿಸಿದ ಇಡಿ ಕಾಳು. ಅಂಗಡಿಯ ಯಜಮಾನಿ, ಒವಾಹಾಕಾ ಪ್ರಾಂತದಿಂದ ಬಂದ ಐವತ್ತರ ಹೆಂಗಸು, ಮುದುಕಿಯ ಕಡೆ ಒಮ್ಮೆ ನೋಡಿ ಅರ್ಥಮಾಡಿಕೊಂಡಳು. ಮಾಂಸ ಬೇಯುವ ಕಾವಲಿಯನ್ನು ಬಿಟ್ಟು, ಮೂಲೆಯ ಬೇರೆ ಹಂಚಿನ ಮೇಲೆ ರೊಟ್ಟಿ ಹಾಕಿದಳು. ಆ ಹಂಚಿಗೆ ಅವರು ಕೊಮಾಲ್ ಎನ್ನುತ್ತಾರೆ.

ರೊಟ್ಟಿ ಉಬ್ಬಿತು. ಅದರ ವಾಸನೆ ಮೇಜಿನವರೆಗೆ ಬಂತು. ಅಜ್ಜಿ ಮೂಗು ಅರಳಿಸಿದರು.

“ಇದ್ರಾಗ ಸುಣ್ಣ ಐತಿ.”

ಮೊಮ್ಮಗಳಿಗೆ ತಿಳಿಯಲಿಲ್ಲ. “ಸುಣ್ಣ ಅಂದ್ರ ಏನ್ ಆಯಿ?”

ಅಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಊಟ, ನೀರು, ನಿದ್ದೆ, ಬೈಗುಳದ ಕನ್ನಡ ಚೆನ್ನಾಗಿ ಬರುತ್ತದೆ. ಸುಣ್ಣ ಬಳಿದ ಗೋಡೆ ಇಲ್ಲದ ಮನೆಯಲ್ಲಿ ಸುಣ್ಣ ಎಂಬ ಮಾತು ಎಲ್ಲಿಂದ ಬರಬೇಕು? ಮಗ ಇಂಗ್ಲಿಷಿನಲ್ಲಿ “ಲೈಮ್” ಎಂದ. ಹುಡುಗಿ ಎದ್ದು ಹೋಗಿ ಕಪಾಟಿನಲ್ಲಿದ್ದ ಹಿಟ್ಟಿನ ಪೊಟ್ಟಣವೊಂದನ್ನು ತಿರುಗಿಸಿ ನೋಡಿದಳು. ಅದರ ಬೆನ್ನಿನ ಮೇಲೂ ಮೆಕ್ಕೆಜೋಳ ಮತ್ತು ಲೈಮ್ ಎಂದೇ ಅಚ್ಚಾಗಿತ್ತು. “ಹೌದು ಆಯಿ, ನಿಂಬಿಹಣ್ಣು ಹಾಕ್ಯಾರ” ಎಂದು ವರದಿ ಒಪ್ಪಿಸಿದಳು. ಮೇಜಿನ ಮೇಲೆ ನಿಂಬೆಯ ಹೋಳುಗಳೂ ಇದ್ದುವಲ್ಲ! ಇಂಗ್ಲಿಷ್ ಭಾಷೆ ಎರಡು ವಸ್ತುಗಳಿಗೆ ಒಂದೇ ಹೆಸರು ಕೊಟ್ಟು ಕೈತೊಳೆದುಕೊಂಡಿದೆ. ಒಂದು ಆಮ್ಲ, ಇನ್ನೊಂದು ಪ್ರತ್ಯಾಮ್ಲ. ಲಿಟ್ಮಸ್ ಕಾಗದ ಮುಟ್ಟಿಸಿದರೆ ಒಂದು ಕೆಂಪು ಮಾಡುತ್ತದೆ, ಇನ್ನೊಂದು ನೀಲಿ.

“ಯಾರ ಹೇಳ್ಯಾರ ನಿಂಬಿಹಣ್ಣಂತ? ನಿಂಬಿ ವಾಸನಿ ಬ್ಯಾರೆ. ಇದು ಎಲಿಗೆ ಹಚ್ಚೂ ಸುಣ್ಣ” ಎಂದು ಅಜ್ಜಿ ಪಟ್ಟು ಬಿಡಲಿಲ್ಲ. ಸೀರೆಯ ಸೊಂಟದಿಂದ ಎಲೆಯಡಿಕೆಯ ಸಂಚಿ ತೆಗೆದು, ಅದರೊಳಗಿನ ಸುಣ್ಣದ ಡಬ್ಬಿಯ ಮುಚ್ಚಳ ತೆರೆದು, ಕಟ್ಟೆಯ ಆಚೆಯ ಹೆಂಗಸಿಗೆ ಎತ್ತಿ ಹಿಡಿದರು. ಆಕೆ ಬಗ್ಗಿ ಮೂಸಿ ನೋಡಿ ನಕ್ಕಳು. ಒಳಗೆ ಹೋಗಿ ಬಿಳಿಯ ಪುಡಿ ತುಂಬಿದ ಚೀಲವೊಂದನ್ನು ಹೊತ್ತು ತಂದು ತೋರಿಸಿದಳು. “ಕಾಲ್” ಎಂದಳು. ಸ್ಪ್ಯಾನಿಷ್ ಭಾಷೆಯಲ್ಲಿ ಸುಣ್ಣಕ್ಕೆ ಅದೇ ಹೆಸರು. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ಮೊಮ್ಮಗಳಿಗೆ ಈಗ ಕೆಲಸ ಸಿಕ್ಕಿತು. ಒಂದು ಕಡೆ ಸ್ಪ್ಯಾನಿಷ್, ಇನ್ನೊಂದು ಕಡೆ ವಿಜಯಪುರದ ಕನ್ನಡ. ಎರಡರಲ್ಲೂ ಎಡವುತ್ತ ಆ ಹುಡುಗಿ ಅರ್ಧ ಗಂಟೆ ದುಭಾಷಿಯಾದಳು.

“ನಮ್ಮ ಜ್ವಾಳಕ್ಕ ಎಸರು ಬೇಕು. ಈಕಿ ಏನ್ ಮಾಡ್ತಾಳ ಕೇಳ.”

ಆಕೆ ಮಾಡುವುದು ಇಷ್ಟು. ರಾತ್ರಿ ಒಣ ಕಾಳನ್ನು ನೀರಿಗೆ ಹಾಕಿ, ಒಂದು ಕಿಲೋ ಕಾಳಿಗೆ ಸುಮಾರು ಹತ್ತು ಗ್ರಾಂ ಸುಣ್ಣ ಬೆರೆಸಿ ಬೇಯಿಸುತ್ತಾಳೆ. ಬೆಳಗಿನತನಕ ಹಾಗೆಯೇ ನೆನೆಯಬಿಟ್ಟು, ತೊಳೆದು, ಉಜ್ಜಿ ಸಿಪ್ಪೆ ತೆಗೆದು, ಹಸಿಯಾಗಿಯೇ ಬೀಸುತ್ತಾಳೆ. ಆ ಹಿಟ್ಟಿನ ಮುದ್ದೆ ಮಸಾ. ಹಿಂದೆ ಇದನ್ನು ಕಲ್ಲಿನ ಮೇಲೆ ಮೊಣಕಾಲೂರಿ ಅರೆಯುತ್ತಿದ್ದರು. ಈಗ ಯಂತ್ರ ಬಂದಿದೆ. ಸುಣ್ಣದಲ್ಲಿ ಬೇಯಿಸುವ ಈ ವಿದ್ಯೆ ಕಡಿಮೆಯೆಂದರೂ ಮೂರು ಸಾವಿರ ವರ್ಷ ಹಳೆಯದು. ನಿಷ್ಟಮಾಲ್ ಎಂಬ ಅದರ ಹೆಸರು ಅಜ್ಟೆಕ್ ಜನರ ನಹುವಾತ್ಲ್ ಭಾಷೆಯದು. ಅದರಲ್ಲಿ ಬೂದಿ ಎಂಬ ಅರ್ಥದ ಪದ ಅಡಗಿದೆ. ಸುಣ್ಣ ಇಲ್ಲದ ಕಡೆ ಒಲೆಯ ಬೂದಿಯಲ್ಲೂ ಬೇಯಿಸುತ್ತಿದ್ದರು. ಬೂದಿಯೂ ಕ್ಷಾರವೇ.

ಶಾಲೆಯ ಪುಸ್ತಕದಲ್ಲಿ ಸುಣ್ಣದ ಪಾಠ ಎಲ್ಲರೂ ಓದಿರುತ್ತಾರೆ. ಸುಣ್ಣದ ಕಲ್ಲು ಸುಡುವುದು, ನೀರು ಹಾಕಿದಾಗ ಅದು ಬುಸುಗುಟ್ಟುವುದು, ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಹಾಲಿನಂತಾಗುವುದು. ಪರೀಕ್ಷೆಗೆ ಸಮೀಕರಣ ಬರೆದು ಮುಂದೆ ಹೋಗುತ್ತೇವೆ. ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮೆಕ್ಕೆಜೋಳದ ಗಡಿಗೆಯೊಳಗೆ ಏನು ಮಾಡುತ್ತದೆ? ಕ್ಷಾರಕ್ಕೆ ಸಿಪ್ಪೆಯ ಗೋಡೆಯಲ್ಲಿನ ಹೆಮಿಸೆಲ್ಯುಲೋಸ್ ಕರಗಿ ಸಿಪ್ಪೆ ಸಡಿಲವಾಗುತ್ತದೆ. ಅಂಟು ಬಂದು, ಬಿರಿಯುವ ಹಿಟ್ಟು ಬಾಗುವ ಹಿಟ್ಟಾಗುತ್ತದೆ. ಕಾಳಿಗೆ ಕ್ಯಾಲ್ಸಿಯಂ ಸೇರುತ್ತದೆ. ಬೂಷ್ಟು ಬಿಟ್ಟ ವಿಷವೂ ಒಂದಷ್ಟು ಕಡಿಮೆಯಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕೆಲಸ ಕಣ್ಣಿಗೆ ಕಾಣುವುದೇ ಇಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದೆ, ಆದರೆ ಬಹುಪಾಲು ಬೇರೆ ವಸ್ತುಗಳಿಗೆ ಕಟ್ಟಿಹಾಕಿಕೊಂಡ ಸ್ಥಿತಿಯಲ್ಲಿದೆ. ತಿಂದರೂ ಕರುಳು ಅದನ್ನು ಹೀರಿಕೊಳ್ಳಲಾರದು. ಸುಣ್ಣ ಆ ಕಟ್ಟನ್ನು ಬಿಚ್ಚುತ್ತದೆ.

ಬಿಚ್ಚದೆ ತಿಂದರೆ ಏನಾಗುತ್ತದೆ ಎಂಬುದಕ್ಕೆ ಪ್ರಪಂಚ ಭಾರಿ ಬೆಲೆ ತೆತ್ತಿದೆ. ಸ್ಪೇನಿನವರು ಮೆಕ್ಕೆಜೋಳದ ಬೀಜವನ್ನು ಹಡಗಿನಲ್ಲಿ ಒಯ್ದರು. ಸುಣ್ಣದ ಗಡಿಗೆಯನ್ನು ಒಯ್ಯಲಿಲ್ಲ. ಅಡುಗೆಮನೆಯ ಹೆಂಗಸರು ಕಾಳನ್ನು ಹಾಗೇಕೆ ಬೇಯಿಸುತ್ತಾರೆ ಎಂದು ಕೇಳುವಷ್ಟು ವ್ಯವಧಾನ ಗೆದ್ದವರಿಗೆ ಎಲ್ಲಿಯದು? ಬೆಳೆ ಯೂರೋಪಿನ ಬಡವರ ಹೊಲಕ್ಕೆ ಇಳಿಯಿತು. 1735ರಲ್ಲಿ ಅದೇ ಸ್ಪೇನಿನ ಅಸ್ತೂರಿಯಸ್ ಪ್ರಾಂತದ ವೈದ್ಯ ಗಾಸ್ಪರ್ ಕಾಸಲ್ ಒಂದು ಹೊಸ ರೋಗವನ್ನು ಗುರುತಿಸಿದ. ಬಿಸಿಲು ಬಿದ್ದ ಕಡೆಯಲ್ಲೆಲ್ಲ ಚರ್ಮ ಸುಟ್ಟಂತಾಗಿ ಸಿಪ್ಪೆ ಏಳುತ್ತದೆ. ಕುತ್ತಿಗೆಯ ಸುತ್ತ ಹಾರದಂತೆ ಕಪ್ಪು ಪಟ್ಟಿ ಕಾಣುತ್ತದೆ. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಇಟಲಿಯಲ್ಲಿ ಇದಕ್ಕೆ ಒರಟು ಚರ್ಮ ಎಂಬ ಅರ್ಥದಲ್ಲಿ ಪೆಲ್ಲಾಗ್ರ ಎಂದು ಹೆಸರಾಯಿತು. ಮೆಕ್ಕೆಜೋಳದ ಗಂಜಿಯೇ ಊಟವಾಗಿದ್ದ ಕಡೆಗಳಲ್ಲಿ ಹಬ್ಬಿದ ಈ ರೋಗ, ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿ ಬೆಳೆಯುವ ಬಡವರಲ್ಲಿ 1906ರಿಂದ 1940ರವರೆಗೆ ಸುಮಾರು 30 ಲಕ್ಷ ಜನರನ್ನು ಹಿಡಿಯಿತು. ಒಂದು ಲಕ್ಷದಷ್ಟು ಮಂದಿ ಸತ್ತರು.

ಅನೇಕರು ಇದನ್ನು ಅಂಟುರೋಗ ಎಂದೇ ನಂಬಿದ್ದರು. 1914ರಲ್ಲಿ ಇದರ ತನಿಖೆಗೆ ಸರಕಾರ ಕಳಿಸಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿಯನ್ನು ನೋಡಿದ. ಅನಾಥಾಲಯದ ಮಕ್ಕಳಿಗೆ, ಹುಚ್ಚಾಸ್ಪತ್ರೆಯ ರೋಗಿಗಳಿಗೆ ಪೆಲ್ಲಾಗ್ರ ಬರುತ್ತದೆ. ಅವರನ್ನು ಮುಟ್ಟಿ ಆರೈಕೆ ಮಾಡುವ ಸಿಬ್ಬಂದಿಗೆ ಬರುವುದಿಲ್ಲ. ವ್ಯತ್ಯಾಸ ತಟ್ಟೆಯಲ್ಲಿದೆ! 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯೊಂದರಲ್ಲಿ, ಬಿಡುಗಡೆಯ ಆಸೆಯಿಂದ ಒಪ್ಪಿಕೊಂಡ ಹನ್ನೊಂದು ಕೈದಿಗಳಿಗೆ ಬಡವರ ಊಟವನ್ನೇ ತಿಂಗಳುಗಟ್ಟಲೆ ಹಾಕಿಸಿದ. ಆರು ಮಂದಿಗೆ ರೋಗ ಬಂತು. ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು, ಒಪ್ಪಲೂಬಾರದು. ಆದರೆ ಆತ ತನ್ನನ್ನೂ ಬಿಡಲಿಲ್ಲ. ಅಂಟುರೋಗ ಎನ್ನುವವರ ಬಾಯಿ ಮುಚ್ಚಿಸಲು 1916ರಲ್ಲಿ ರೋಗಿಗಳ ರಕ್ತವನ್ನು ತನ್ನ ಮೈಗೆ ಚುಚ್ಚಿಸಿಕೊಂಡ, ಹೆಂಡತಿಯೂ ಚುಚ್ಚಿಸಿಕೊಂಡಳು. ಏನೂ ಆಗಲಿಲ್ಲ. ಇಷ್ಟಾದರೂ ನಮ್ಮ ಜನ ಬಡತನದಿಂದ ಸಾಯುತ್ತಿದ್ದಾರೆ ಎಂಬ ಮಾತು ದಕ್ಷಿಣದ ಅನೇಕ ಮುಖಂಡರಿಗೆ ರುಚಿಸಲಿಲ್ಲ. ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡ. ಕೊರತೆಯಾದ ವಸ್ತುವನ್ನು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಗುರುತಿಸಿದ: ಅದೇ ನಯಾಸಿನ್. ಇಷ್ಟು ಶತಮಾನಗಳೂ ಮೆಕ್ಸಿಕೋದ ಹಳ್ಳಿಯ ಹೆಂಗಸರು ಮೂರು ಹೊತ್ತೂ ಮೆಕ್ಕೆಜೋಳವನ್ನೇ ಉಣ್ಣಿಸಿ ಮಕ್ಕಳನ್ನು ಈ ರೋಗದಿಂದ ಕಾಪಾಡಿಕೊಂಡು ಬಂದಿದ್ದರು. ಪಕ್ಕದಲ್ಲಿ ಕಾಳಿನ ಪಲ್ಯ ಬೇರೆ. ಮೆಕ್ಕೆಜೋಳದಲ್ಲಿ ಕಡಿಮೆಯಾದ ಟ್ರಿಪ್ಟೋಫ್ಯಾನನ್ನು ಕಾಳು ತುಂಬುತ್ತದೆ, ಅದರಿಂದ ದೇಹ ತಾನೇ ಸ್ವಲ್ಪ ನಯಾಸಿನ್ ಮಾಡಿಕೊಳ್ಳುತ್ತದೆ.

ಅಂಗಡಿಗೆ ಮರಳೋಣ. ಮೊಮ್ಮಗಳಿಗೆ ಟೋರ್ಟಾ ಬಂತು, ಅಜ್ಜಿಗೆ ಮೂರು ಟಾಕೋ. ಎರಡರಲ್ಲಿ ಕಾಳು, ಒಂದರಲ್ಲಿ ಹಸಿರು ಪಲ್ಯ. ಅದು ನೋಪಾಲ್, ಅಂದರೆ ನಮ್ಮ ಪಾಪಾಸುಕಳ್ಳಿಯ ದಾಯಾದಿ ಎಂದು ಮಗ ಬಾಯಿಬಿಟ್ಟ. “ಡಬ್ಬಗಳ್ಳಿ? ಬೇಲಿ ತಿಂತಾರ ಇವ್ರು!” ಎಂದು ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹುಡುಗಿಯಾಗಿದ್ದಾಗ ಅದರ ಹಣ್ಣು ತಿಂದು ನಾಲಿಗೆ ಕೆಂಪು ಮಾಡಿಕೊಂಡದ್ದು ನೆನಪಾಯಿತು. ಅವರಿಗೆ ಮುಳ್ಳಿನ ಭಯ. ಆ ಟಾಕೋ ಮಗನ ಪಾಲಾಯಿತು. ಕುಡಿಯಲು ಬಂದ ಕೆಂಪು ಪಾನಕವನ್ನು ಒಂದು ಗುಟುಕು ಹೀರಿ, “ಪುಂಡಿ ಹುಳಿ ಇದ್ದಂಗ ಐತಿ” ಎಂದರು. ಆ ನಾಲಿಗೆಗೆ ಯಾರು ಪಾಠ ಹೇಳಬೇಕು! ಹಮಾಯ್ಕಾ ಎಂದು ಅಲ್ಲಿ ಕರೆಯುವ ಆ ಪಾನಕವನ್ನು ಮಾಡುವುದು ಪುಂಡಿ ಜಾತಿಯ ಗಿಡದ ಹೂವಿನ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿಯೇ.

ಎರಡು ಟಾಕೋ ಮುಗಿದವು. ಅಜ್ಜಿ ಇನ್ನೆರಡು ಕೇಳಿದರು. ಮಗ ತಿರುಗಿ ನೋಡಲಿಲ್ಲ. ಎಲ್ಲಿ ದೃಷ್ಟಿ ತಾಗೀತೋ ಎಂಬಂತೆ ಟೀವಿಯ ಫುಟ್‌ಬಾಲ್ ನೋಡುತ್ತ ಕುಳಿತ. ಹೊರಡುವಾಗ ಯಜಮಾನಿ ಒಂದು ಕಿಲೋದಷ್ಟು ಮಸಾ ಮುದ್ದೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. “ಅಬುಏಲಿತಾಗೆ” ಎಂದಳು, ಅಜ್ಜಮ್ಮನಿಗೆ ಎಂದು ಅರ್ಥ. ದುಡ್ಡು ಮುಟ್ಟಲಿಲ್ಲ.

ಆ ರಾತ್ರಿ ಮೊಮ್ಮಗಳು ಸುಣ್ಣದ ವಿಷಯ ಹುಡುಕುತ್ತ ಕುಳಿತಳು. ಒಂದರಿಂದ ಇನ್ನೊಂದಕ್ಕೆ ಹೋಗಿ ಕಾಸಲ್ ವರ್ಣಿಸಿದ ಆ ಕಪ್ಪು ಹಾರದ ಚಿತ್ರ ಸಿಕ್ಕಿತು. ಫೋನನ್ನು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಇದನ್ನ ನಾ ನೋಡೇನಿ.”

ತೌರಿನಲ್ಲಿ ಹೊಲದ ಕೆಲಸಕ್ಕೆ ಬರುತ್ತಿದ್ದ ಒಬ್ಬಳು ಇದ್ದಳಂತೆ. ಕುತ್ತಿಗೆ, ಮುಂಗೈ, ಪಾದದ ಮೇಲೆ ಹೀಗೆಯೇ ಕಪ್ಪಾಗಿ ಸುಲಿದಿತ್ತು. ಬಿಸಿಲು ಹತ್ತಿದೆ ಎಂದರು, ದೇವರ ಕಾಟ ಎಂದರು. ಆಮೇಲಾಮೇಲೆ ತನಗೆ ತಾನೇ ಮಾತಾಡಿಕೊಳ್ಳತೊಡಗಿದಳು. ಒಂದು ಬೇಸಿಗೆಯ ನಂತರ ಕೆಲಸಕ್ಕೆ ಬರಲಿಲ್ಲ. “ಆಕಿ ರೊಟ್ಟಿ ಬರೇ ಉಪ್ಪು ಖಾರ ಹಚಕೊಂಡು ತಿಂತಿದ್ಲು.”

ಅದು ಪೆಲ್ಲಾಗ್ರವೇ ಆಗಿತ್ತೆ ಎಂದು ಈಗ ಪರೀಕ್ಷೆ ಮಾಡಿ ಹೇಳುವವರಿಲ್ಲ. ಆದರೆ ದಖ್ಖನಿನ ಜೋಳ ತಿನ್ನುವ ಬಡವರಲ್ಲಿ ಈ ರೋಗ ಇದ್ದದ್ದು ನಿಜ. ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿದ್ದ ಡಾ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಇದರ ಬಗ್ಗೆ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ನಯಾಸಿನ್ನಿನ ದಾರಿಗೆ ಅಡ್ಡ ಬರುತ್ತದೆ ಎಂಬುದು ಅವರ ವಾದ. ಆ ವಾದ ಪೂರ್ತಿ ಇತ್ಯರ್ಥವಾಗದೆ ಬಹಳ ಕಾಲ ಚರ್ಚೆ ನಡೆಯಿತು. ಆದ್ದರಿಂದ ಜೋಳಕ್ಕೂ ಸುಣ್ಣ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಹೇಳುವುದು ಅವಸರದ ಮಾತಾದೀತು. ರೊಟ್ಟಿಯ ಪಕ್ಕದಲ್ಲಿ ಏನಿತ್ತು ಎಂಬುದೇ ಮುಖ್ಯ. ಉಳ್ಳವರ ತಟ್ಟೆಯಲ್ಲಿ ಬೇಳೆ ಇತ್ತು, ಮೊಸರು ಇತ್ತು, ಶೇಂಗಾ ಹಿಂಡಿ ಇತ್ತು. ಶೇಂಗಾದಲ್ಲಿ ನಯಾಸಿನ್ ಧಾರಾಳ. ಆಕೆಯ ತಟ್ಟೆಯಲ್ಲಿ ಉಪ್ಪು ಖಾರ ಇತ್ತು.

“ನಮ್ಮ ಮನ್ಯಾಗ ಹಿಂಡಿ ಡಬ್ಬಿ ತುಂಬಾ ಇರತಿತ್ತು. ಕೊಡಬೇಕಂತ ಯಾರಿಗೂ ಹೊಳೀಲಿಲ್ಲ ನೋಡ ಯವ್ವಾ” ಎಂದು ಅಜ್ಜಿ ಫೋನನ್ನು ಮಗುಚಿ ಇಟ್ಟರು.

ಬೆಳಗ್ಗೆ ಆರು ಗಂಟೆಗೆ ಅಡುಗೆಮನೆಯಲ್ಲಿ ಪಟಪಟ ಸದ್ದು. ಸೊಸೆ ಎದ್ದು ಬಂದು ನೋಡಿದರೆ ಅತ್ತೆ ಮಸಾ ಮುದ್ದೆಯನ್ನು ಕಟ್ಟೆಯ ಮೇಲೆ ಬಡಿಯುತ್ತಿದ್ದಾರೆ. ಟೋರ್ಟಿಯಾದ ಅಳತೆ ಬಿಟ್ಟು ವಿಜಯಪುರದ ಅಳತೆಗೆ, ತಟ್ಟೆಯಗಲ. ಅಂಚು ಬಿರಿಯಲಿಲ್ಲ. ಮೊಮ್ಮಗಳು ನಿದ್ದೆಗಣ್ಣಿನಲ್ಲಿ ಬಂದು ಒಂದು ಚೂರು ಮುರಿದು, ಊರಿಂದ ತಂದ ಶೇಂಗಾ ಹಿಂಡಿಯಲ್ಲಿ ಅದ್ದಿ ಬಾಯಿಗಿಟ್ಟಳು.

“ಆಯಿ, ಸುಣ್ಣದ ವಾಸನಿ ಬರತೈತಿ” ಎಂದಳು.

“ಬರತೈತಿ. ತಿನ್ನ” ಎಂದು ಅಜ್ಜಿ ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡರು.